ಮುರಿದ ಹಡಗಿಗೆ ಮತ್ತೆ ಕೂವೆಮರ

ಹುಬ್ಬಳ್ಳಿ-ಧಾರವಾಡದ ಹಳೆಯ ಮನೆಗಳ ಷೋಕೇಸುಗಳಲ್ಲಿ ಕಟ್ಟಿಗೆಯ ಹಡಗಿನ ಮಾದರಿಗಳು ಕೂತಿರುವುದನ್ನು ಹಲವರು ನೋಡಿರುತ್ತಾರೆ. ಕಾರವಾರದಲ್ಲಿ ನೌಕರಿ ಮಾಡಿ ಬಂದವರು ತಂದದ್ದು, ಕೇರಳಕ್ಕೆ ಪ್ರವಾಸ ಹೋದವರು ಕೊಂಡದ್ದು, ನಿವೃತ್ತಿಯ ದಿನ ಉಡುಗೊರೆಯಾಗಿ ಬಂದದ್ದು. ಮೂರು ತಲೆಮಾರು ದಾಟುವ ಹೊತ್ತಿಗೆ ಕೂವೆಮರ ಮುರಿದಿರುತ್ತದೆ, ಹಾಯಿ ಹರಿದಿರುತ್ತದೆ, ಹಗ್ಗಗಳೆಲ್ಲ ಸಿಕ್ಕುಗಟ್ಟಿ ಡೆಕ್ಕಿನ ಮೇಲೆ ಬಿದ್ದಿರುತ್ತವೆ. ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ ಅದು ಅಟ್ಟ ಸೇರುತ್ತದೆ, ಅಟ್ಟ ತೆರವು ಮಾಡುವಾಗ ಗುಜರಿಗೆ ಹೋಗುತ್ತದೆ. "ಇದು ರಿಪೇರಿ ಆಗ್ತದೇನ್ರಿ?" ಎಂದು ಯಾರಾದರೂ ಕೇಳಿದರೆ ಹೆಚ್ಚಿನವರ ಉತ್ತರ "ಹೊಸಾದ ತರ್ರಿ" ಎಂಬುದೇ.

ರಿಪೇರಿ ಆಗುತ್ತದೆ. ಬೇಕಾದ ಸಾಮಗ್ರಿಯಲ್ಲಿ ಹೆಚ್ಚಿನದು ನಮ್ಮ ಸುತ್ತಲೇ ಸಿಗುತ್ತದೆ, ಬೇಕಾದ ಕೈಗುಣವೂ ಈ ಭಾಗದ ಕುಶಲಕರ್ಮಿಗಳಲ್ಲಿ ಉಳಿದಿದೆ. ಕಡಿಮೆ ಇರುವುದು ಸಂಯಮ. ಹಳೆಯದನ್ನು ಹೊಸದರಂತೆ ಹೊಳೆಯಿಸುವ ಆಸೆಯನ್ನು ಬಿಟ್ಟು, ಮೊದಲು ಅದನ್ನು ಮಾಡಿದವನ ಕೈಯನ್ನು ಉಳಿಸಿಕೊಳ್ಳುವ ಸಂಯಮ.

ಕಡಲಿಲ್ಲದ ಊರಿನ ಕಡಲ ನಂಟು

ಬಯಲಸೀಮೆಯ ಅಂಚಿನ ಈ ಅವಳಿ ನಗರಕ್ಕೂ ಹಾಯಿಹಡಗಿಗೂ ಏನು ಸಂಬಂಧ ಎಂದು ಕೇಳುವವರು ಹತ್ತಿಯ ಕಥೆಯನ್ನು ನೆನೆಯಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಹೊಲಗಳ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗುತ್ತಿತ್ತು. ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬೈ ಸೇರುತ್ತಿತ್ತು. ಬೆಳೆದದ್ದು ನಮ್ಮ ಹೊಲದಲ್ಲಾದರೂ ಮಾರುಕಟ್ಟೆಯಲ್ಲಿ ಅದರ ಹೆಸರು 'ಕುಮಟಾ ಹತ್ತಿ'. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಾಗ ಈ ದಾರಿಯ ಬೆಲೆ ಇನ್ನೂ ಹೆಚ್ಚಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತ್ಯದಿಂದ ಮುಂಬೈ ಪ್ರಾಂತ್ಯಕ್ಕೆ ವರ್ಗಾಯಿಸಲಾಯಿತು. ಕಾರವಾರ ಬಂದರಿನ ಮೇಲೆ ಮುಂಬೈ ವ್ಯಾಪಾರಿಗಳ ಕಣ್ಣು ಬಿದ್ದ ಕಾಲವದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಹುಬ್ಬಳ್ಳಿಗೆ ಬಂದ ಮೇಲೆ ಹತ್ತಿ ಹಳಿ ಹತ್ತಿತು. ಹಡಗಿನ ನೆನಪು ಊರಿನಿಂದ ಸರಿಯಿತು.

ಹತ್ತಿಯಷ್ಟೇ ಹಳೆಯ ನಂಟು ತೇಗದ್ದು. ಧಾರವಾಡದಿಂದ ಪಶ್ಚಿಮಕ್ಕೆ ಹೊರಟರೆ ಅಳ್ನಾವರ, ಹಳಿಯಾಳ ದಾಟಿ ದಾಂಡೇಲಿಯ ಕಾಡು ಬರುತ್ತದೆ. ಆ ಕಾಡಿನ ನೀರನ್ನೆಲ್ಲ ಹೊತ್ತ ಕಾಳಿ ನದಿ ಕಾರವಾರದ ಸದಾಶಿವಗಡದ ಪಕ್ಕ ಕಡಲು ಸೇರುತ್ತದೆ. ತೇಗದ ದಿಮ್ಮಿಗಳಿಗೆ ಆ ನದಿಯೇ ದಾರಿ. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಹಾಗಾಗಿ ಬುಡದ ಸುತ್ತ ತೊಗಟೆ ಕೆತ್ತಿ, ಮರವನ್ನು ನಿಂತಲ್ಲೇ ಒಣಗಿಸಿ, ಆಮೇಲೆ ಕಡಿದು ತೇಲಿಬಿಡುವುದು ತೇಗದ ಕಾಡುಗಳ ಹಳೆಯ ಪದ್ಧತಿ. 1796ರಲ್ಲಿ ಟಿಪ್ಪು ಸುಲ್ತಾನ ದೊಡ್ಡ ನೌಕಾಪಡೆ ಕಟ್ಟಲು ಹೊರಟಾಗ ಹಡಗುಕಟ್ಟೆಗಳಿಗೆ ಆರಿಸಿದ್ದು ಮಂಗಳೂರು, ಮಿರ್ಜಾನ, ಸದಾಶಿವಗಡಗಳ ಆಸುಪಾಸನ್ನು. ಹಿಂದೆ ಕಾಡು, ಮುಂದೆ ಕಡಲು, ನಡುವೆ ನದಿ ಇರುವ ಜಾಗಗಳು ಅವು. 1806ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕ್ಯಾಪ್ಟನ್ ವಾಟ್ಸನ್ ಎಂಬಾತನನ್ನು ಪಶ್ಚಿಮ ಕರಾವಳಿಯ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಿಸಿತು. ದೇಶದಲ್ಲಿ ಇಂಥ ಹುದ್ದೆ ಅದೇ ಮೊದಲು. ಅವನ ಮುಖ್ಯ ಕೆಲಸ ಕಾಡು ಕಾಯುವುದಕ್ಕಿಂತ ಹೆಚ್ಚಾಗಿ ಹಡಗಿಗೆ ತೇಗ ಒದಗಿಸುವುದಾಗಿತ್ತು.

ತೇಗಕ್ಕೆ ಅಷ್ಟು ಬೆಲೆ ಏಕೆ? ಅದರ ಮೈಯಲ್ಲಿ ಎಣ್ಣೆಯ ಅಂಶವಿದೆ, ಹುಳ ಸುಲಭವಾಗಿ ಹತ್ತುವುದಿಲ್ಲ. ಯುರೋಪಿನ ಓಕ್ ಮರದಲ್ಲಿರುವ ಒಗರು ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುತ್ತದೆ. ತೇಗದಲ್ಲಿ ಆ ಕಾಟ ಕಡಿಮೆ. ಮುಂಬೈ ಹಡಗುಕಟ್ಟೆಯ ಜಮಶೇಟ್‌ಜಿ ಬಮನ್‌ಜಿ ವಾಡಿಯಾ ಮಲಬಾರ್ ಕರಾವಳಿಯ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ 'ಟ್ರಿಂಕೋಮಲಿ' ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್‌ನಲ್ಲಿ ತೇಲುತ್ತಿದೆ.

ಮಾದರಿಯೂ ಒಂದು ದಾಖಲೆ

ಷೋಕೇಸಿನ ಪುಟ್ಟ ಹಡಗನ್ನು ಆಟಿಕೆಯೆಂದು ಬದಿಗೆ ಸರಿಸುವುದು ಸುಲಭ. ಆದರೆ ಇತಿಹಾಸದಲ್ಲಿ ಎಷ್ಟೋ ಹಡಗುಗಳು ಉಳಿದಿರುವುದು ಮಾದರಿಯ ರೂಪದಲ್ಲಿ ಮಾತ್ರ. ಈಜಿಪ್ತಿನ ಅಧಿಕಾರಿ ಮೆಕೆಟ್ರೆಯ ಗೋರಿಯಲ್ಲಿ 1920ರಲ್ಲಿ ಸಿಕ್ಕ ಮರದ ದೋಣಿಗಳು ಸುಮಾರು 4000 ವರ್ಷ ಹಳೆಯವು. ನೈಲ್ ನದಿಯ ಮೇಲೆ ಅಂದು ಹುಟ್ಟು ಹಾಕುತ್ತಿದ್ದ ರೀತಿ, ಹಾಯಿ ಕಟ್ಟುತ್ತಿದ್ದ ರೀತಿ ಅವುಗಳಿಂದ ಕಣ್ಣಿಗೆ ಕಟ್ಟುತ್ತದೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ನೌಕಾ ಮಂಡಳಿಯ ಕಾಲದ ಮಾದರಿಗಳನ್ನು 1:48ರ ಅಳತೆಯಲ್ಲಿ ಮಾಡುತ್ತಿದ್ದರು. ಕೆಳಗಿನ ಹಲಗೆಗಳನ್ನು ಹೊದಿಸದೆ ಬಿಟ್ಟು ಪಕ್ಕೆಲುಬುಗಳು ಕಾಣುವಂತೆ ಇರಿಸುತ್ತಿದ್ದರು.

ನಮ್ಮ ಕರಾವಳಿಯ ಹಡಗುಗಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಬೇಪೂರಿನ ಉರು, ಮಂಗಳೂರು ಬಂದರಿನ ಮಂಜಿ, ಕಾರವಾರ ಕಡೆಯ ಮಚವೆ, ಇವನ್ನೆಲ್ಲ ಕಟ್ಟಿದ ಮೇಸ್ತ್ರಿಗಳು ಕಾಗದದ ಮೇಲೆ ನಕ್ಷೆ ಬರೆದವರಲ್ಲ. ಅಳತೆ ಅವರ ತಲೆಯಲ್ಲಿತ್ತು, ಕೈಯಲ್ಲಿತ್ತು. ಅಂಥ ಮೇಸ್ತ್ರಿಯೊಬ್ಬ ಬಿಡುವಿನಲ್ಲಿ ಕೆತ್ತಿದ ಮಾದರಿ ಇದ್ದರೆ ಅದರ ಮುಂಭಾಗದ ಬಾಗು, ಕೂವೆಮರ ಮುಂದಕ್ಕೆ ವಾಲಿದ ಕೋನ, ಹಾಯಿಯ ಅಡ್ಡಮರದ ಉದ್ದ ಎಲ್ಲವೂ ಮಾಹಿತಿಯೇ.

ಇದಕ್ಕೆ ತೀರ ಹತ್ತಿರದ ಸಾಕ್ಷಿ ಕಾರವಾರದಲ್ಲೇ ಸಿಕ್ಕಿದೆ. 2025ರ ಮೇ 21ರಂದು ಅಲ್ಲಿನ ನೌಕಾನೆಲೆಯಲ್ಲಿ 'ಕೌಂಡಿನ್ಯ' ಎಂಬ ಹೊಲಿದ ಹಡಗು ನೌಕಾಪಡೆಗೆ ಸೇರಿತು. ಅಜಂತಾ ಗುಹೆಯ ಐದನೆಯ ಶತಮಾನದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು ಗೋವೆಯಲ್ಲಿ ಕಟ್ಟಿದ ಹಡಗಿದು. ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದಿದ್ದಾರೆ, ಸಂದುಗಳನ್ನು ಮರದ ರಾಳದಿಂದ ಮುಚ್ಚಿದ್ದಾರೆ. ಹಾಯಿಯ ಮೇಲೆ ನಮ್ಮ ರಾಜ್ಯ ಲಾಂಛನದಲ್ಲಿರುವ ಗಂಡಭೇರುಂಡದ ಚಿತ್ರವಿದೆ. ನಕ್ಷೆಯಿಲ್ಲ, ಉಳಿದ ಹಡಗೂ ಇಲ್ಲ. ಹಾಗಾಗಿ ಮದ್ರಾಸ್ ಐಐಟಿಯಲ್ಲಿ ಮಾದರಿ ಮಾಡಿ, ನೀರಿನಲ್ಲಿ ಅದರ ನಡವಳಿಕೆಯನ್ನು ಪರೀಕ್ಷಿಸಬೇಕಾಯಿತು. ಕೇರಳದ ಹಿರಿಯ ಮೇಸ್ತ್ರಿಯ ಮುಂದಾಳತ್ವದಲ್ಲಿ ಕಟ್ಟಿದ ಆ ಹಡಗು ಅದೇ ವರ್ಷದ ಡಿಸೆಂಬರ್ 29ರಂದು ಪೋರಬಂದರಿನಿಂದ ಮಸ್ಕತ್ತಿನತ್ತ ಹಾಯಿ ಬಿಚ್ಚಿತು. ಒಂದು ಹಳೆಯ ಮಾದರಿ ಉಳಿದುಬಂದಿದ್ದರೆ ಅಷ್ಟೆಲ್ಲ ಊಹೆಯ ಹೊರೆ ಎಷ್ಟು ಕಡಿಮೆಯಾಗುತ್ತಿತ್ತು!

ಕೈ ಹಚ್ಚುವ ಮೊದಲು

ಮುರಿದ ಮಾದರಿಯನ್ನು ಮೇಜಿನ ಮೇಲಿಟ್ಟ ದಿನ ಅಂಟಿನ ಡಬ್ಬಿ ತೆರೆಯಬಾರದು. ಮೊದಲು ಎಲ್ಲ ಕಡೆಯಿಂದ ಫೋಟೊ ತೆಗೆಯಬೇಕು. ಯಾವ ದಾರ ಎಲ್ಲಿಂದ ಎಲ್ಲಿಗೆ ಹೋಗಿತ್ತು, ಯಾವ ತೂತಿನಲ್ಲಿ ಎಳೆಯ ತುದಿ ಉಳಿದಿದೆ ಎಂಬುದನ್ನು ಚಿತ್ರ ಬರೆದು ಗುರುತು ಹಾಕಬೇಕು. ಕೆಳಗೆ ಬಿದ್ದ ಧೂಳನ್ನು ಗುಡಿಸಿ ಎಸೆಯಬಾರದು. ಸಾಸಿವೆಯಷ್ಟು ಸಣ್ಣ ಕಪ್ಪಿಗಳು, ಲಂಗರಿನ ಮುರುಕುಗಳು ಆ ಧೂಳಿನಲ್ಲೇ ಸಿಗುತ್ತವೆ. ಸಿಕ್ಕ ಪ್ರತಿ ತುಣುಕಿಗೂ ಒಂದು ಪೊಟ್ಟಣ, ಪ್ರತಿ ಪೊಟ್ಟಣದ ಮೇಲೆ ಒಂದು ಚೀಟಿ.

ಆಮೇಲೆ ಹುಳದ ಪರೀಕ್ಷೆ. ಪೀಠದ ಕೆಳಗೆ ಹಿಟ್ಟಿನಂಥ ನುಣ್ಣನೆಯ ಪುಡಿ ಉದುರುತ್ತಿದ್ದರೆ, ಮೈಮೇಲೆ ಗುಂಡುಸೂಜಿ ಗಾತ್ರದ ತೂತುಗಳಿದ್ದರೆ ನುಸಿ ಇನ್ನೂ ಒಳಗಿದೆ ಎಂದರ್ಥ. ಮಣ್ಣಿನ ಗೆರೆ ಕಂಡರೆ ಅದು ಗೆದ್ದಲು. ಹಡಗಿನ ಮೈ ತೇಗದ್ದಾದರೂ ಪೀಠ, ಒಳಗಿನ ತುಂಬು ಕಟ್ಟಿಗೆ ಹಗುರ ಜಾತಿಯದಾಗಿದ್ದರೆ ಹುಳ ಅಲ್ಲಿಂದಲೇ ಹೊಗುತ್ತದೆ. ಇದಕ್ಕೆ ಸೀಮೆಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ. ಅದು ಬಣ್ಣವನ್ನು ಕದಡುತ್ತದೆ, ಮುಂದೆ ಅಂಟು ಹಿಡಿಯದಂತೆ ಮಾಡುತ್ತದೆ. ವಸ್ತುಸಂಗ್ರಹಾಲಯಗಳು ಅನುಸರಿಸುವ ದಾರಿ ಶೀತ. ವಸ್ತುವನ್ನು ಪಾಲಿಥಿನ್ ಚೀಲದಲ್ಲಿ ಗಾಳಿ ತೆಗೆದು ಭದ್ರವಾಗಿ ಕಟ್ಟಿ, ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಒಂದೆರಡು ವಾರ ಇಡುತ್ತಾರೆ. ಹೊರತೆಗೆದ ಮೇಲೆ ಚೀಲವನ್ನು ಕೂಡಲೇ ಬಿಚ್ಚುವುದಿಲ್ಲ, ಕೋಣೆಯ ಬಿಸುಪಿಗೆ ಬರುವ ತನಕ ಕಾಯುತ್ತಾರೆ. ಹಾಗೆ ಮಾಡಿದರೆ ತೇವ ಚೀಲದ ಹೊರಮೈಯಲ್ಲೇ ಉಳಿಯುತ್ತದೆ. ದಪ್ಪ ಬಣ್ಣ ಬಳಿದ ವಸ್ತುವಿಗೆ ಈ ಉಪಾಯ ಒಗ್ಗದಿರಬಹುದು. ಅಂಥದ್ದನ್ನು ತಿಳಿದವರನ್ನು ಕೇಳಿಯೇ ಮಾಡಬೇಕು.

ಶುಚಿ ಮಾಡುವುದಕ್ಕೆ ಮೆತ್ತನೆಯ ಬ್ರಷ್ಷು, ಹತ್ತಿ ಸುತ್ತಿದ ಕಡ್ಡಿ, ಭಟ್ಟಿ ಇಳಿಸಿದ ನೀರು ಸಾಕು. ಎಂಜಲು ತಾಗಿಸಿದ ಹತ್ತಿಯಿಂದ ಕೊಳೆ ಒರೆಸುವುದು ದೊಡ್ಡ ವಸ್ತುಸಂಗ್ರಹಾಲಯಗಳಲ್ಲೂ ಇರುವ ಪದ್ಧತಿ. ಎಂಜಲಿನಲ್ಲಿರುವ ಕಿಣ್ವಗಳು ಹಳೆಯ ಜಿಡ್ಡನ್ನು ಸಡಿಲಿಸುತ್ತವೆ. ಸ್ಪಿರಿಟ್, ಸ್ಯಾನಿಟೈಸರ್ ಮಾತ್ರ ಹತ್ತಿರ ಸುಳಿಯಬಾರದು. ಹಳೆಯ ಮಾದರಿಗಳ ಮೇಲೆ ಅರಗಿನ ಮೆರುಗು ಇರುವ ಸಾಧ್ಯತೆ ಹೆಚ್ಚು. ಅರಗು ಸ್ಪಿರಿಟಿನಲ್ಲಿ ಕರಗುತ್ತದೆ. ಒಂದು ಸಲ ಒರೆಸಿದರೆ ನೂರು ವರ್ಷದ ಮೆರುಗು ಬಟ್ಟೆಗೆ ಹತ್ತಿ ಬರುತ್ತದೆ.

ಕಟ್ಟಿಗೆ, ಅಂಟು, ಕಿಟ್ಟ

ಧಾರವಾಡದ ಹವೆ ಕಟ್ಟಿಗೆಗೆ ಕಠಿಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗಳೂ ತೇವ ಕುಡಿಯುವ ಜಡಿಮಳೆ, ಫೆಬ್ರವರಿಯಿಂದ ತುಟಿ ಒಡೆಯುವ ಒಣಗಾಳಿ. ಕಟ್ಟಿಗೆ ತೇವ ಹೀರಿದಾಗ ಉಬ್ಬುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉಬ್ಬುವುದೂ ಎಲ್ಲ ದಿಕ್ಕಿಗೆ ಸಮನಾಗಿ ಅಲ್ಲ. ಎಳೆಯುದ್ದಕ್ಕೆ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಲಾಗಿ, ಮರದ ವರ್ಷದುಂಗುರಗಳ ಗುಂಟ ಆಗುವ ಬದಲಾವಣೆ ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡು ಪಟ್ಟು. ಹಡಗಿನ ತೆಳು ಹಲಗೆಗಳು ಸಂದು ಬಿಡುವುದು, ಬಿಲ್ಲಿನಂತೆ ಬಾಗುವುದು ಈ ಕಾರಣಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಬಿಟ್ಟ ಸಂದನ್ನು ಗಟ್ಟಿ ಪುಟ್ಟಿಯಿಂದ ಪೂರ್ತಿ ತುಂಬಬಾರದು. ಮಳೆಗಾಲದಲ್ಲಿ ಹಲಗೆಗೆ ಉಬ್ಬಲು ಜಾಗವಿಲ್ಲದೆ ಅದು ಪಕ್ಕದ ಹಲಗೆಯನ್ನು ಎತ್ತುತ್ತದೆ.

ಅಂಟಿನ ಆಯ್ಕೆಯಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಬೇಕು: ಮುಂದೆ ಬರುವವನು ಇದನ್ನು ಬಿಚ್ಚಬಲ್ಲನೇ? ಕ್ಷಣಾರ್ಧದಲ್ಲಿ ಹಿಡಿಯುವ ಅಂಟು ಸಂದಿನಿಂದ ಹೊರಬಂದು ಬಿಳಿ ಕಲೆ ಬಿಡುತ್ತದೆ, ಒಣಗಿ ಗಾಜಿನಂತೆ ಪೆಡಸಾಗುತ್ತದೆ. ಎಪಾಕ್ಸಿ ಹಚ್ಚಿದ ಸಂದನ್ನು ಕಟ್ಟಿಗೆ ಕೆಡಿಸದೆ ಬಿಡಿಸುವುದು ಆಗದ ಮಾತು. ನಮ್ಮ ಹಳೆಯ ಬಡಿಗರ ಮರವಜ್ರ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಚರ್ಮ, ಎಲುಬುಗಳಿಂದ ತೆಗೆದ ಆ ಅಂಟಿನ ಹರಳನ್ನು ನೀರಿನಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು, ಸುಮಾರು 60 ಡಿಗ್ರಿಯಲ್ಲಿ ಕರಗಿಸಬೇಕು. ಕುದಿಸಿದರೆ ಅದರ ಹಿಡಿತ ಸಾಯುತ್ತದೆ. ಹತ್ತಿಪ್ಪತ್ತು ವರ್ಷದ ನಂತರವೂ ಬಿಸಿ, ತೇವ ತಾಗಿಸಿದರೆ ಸಂದು ಬಿಟ್ಟುಕೊಡುತ್ತದೆ.

ಮುರಿದ ಕೂವೆಮರಕ್ಕೆ ಮುರುಕಿನ ಎರಡೂ ತುದಿ ಸಿಕ್ಕಿದ್ದರೆ ಹೊಸದು ಬೇಕಿಲ್ಲ. ಎಳೆಗಳು ಒಂದಕ್ಕೊಂದು ಕೂಡುವಂತೆ ಹೊಂದಿಸಿ ಅಂಟಿಸಿದರೆ ಬಿರುಕು ಮುಚ್ಚುತ್ತದೆ. ಬಲ ಸಾಲದಿದ್ದರೆ ನಡುವೆ ಸಣ್ಣ ತೂತು ಕೊರೆದು ಬಿದಿರಿನ ಕಡ್ಡಿ ಇಳಿಸಬಹುದು. ನಡುವಿನ ತುಂಡು ಕಳೆದಿದ್ದರೆ ಅದೇ ಜಾತಿಯ ಕಟ್ಟಿಗೆಯನ್ನು, ಎಳೆಯ ದಿಕ್ಕು ಹೊಂದುವಂತೆ, ಓರೆಯಾಗಿ ಕೊಯ್ದು ಕೂಡಿಸಬೇಕು. ಓರೆಯ ಉದ್ದ ಕೂವೆಮರದ ದಪ್ಪದ ಎಂಟು ಪಟ್ಟಿನಷ್ಟಿದ್ದರೆ ಸಂದಿಗೆ ಬಲ ಬರುತ್ತದೆ. ಹಳೆಯ ಬಾಗಿಲು ಚೌಕಟ್ಟು ಬಿಚ್ಚಿದಾಗ ಸಿಗುವ ಒಣಗಿದ ತೇಗ ಇದಕ್ಕೆ ಚೆನ್ನ. ಅದು ಇಷ್ಟು ವರ್ಷ ಇದೇ ಹವೆಯಲ್ಲಿ ಉಬ್ಬಿ ಕುಗ್ಗಿ ಪಳಗಿರುತ್ತದೆ.

ಸಣ್ಣ ಕುಳಿ, ಹುಳ ತಿಂದ ತೂತು ತುಂಬುವುದಕ್ಕೆ ನಮ್ಮಲ್ಲೊಂದು ವಿದ್ಯೆ ಇದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯ ಗೊಂಬೆಗಳ ತುಂಡುಗಳನ್ನು ಜೋಡಿಸಲು ಹುಣಸೆಬೀಜದ ಸರಿ ಬಳಸುತ್ತಾರೆ. ಸೆಣಬಿನ ಬಟ್ಟೆಯನ್ನು ನೆನೆಸಿ, ಸೀಳಿ, ಒಣಗಿಸಿ, ಪುಡಿ ಮಾಡಿ, ಆ ಸರಿಯಲ್ಲಿ ಕಲಸಿದರೆ 'ಕಿಟ್ಟ' ಸಿದ್ಧ. ಬೆಟ್ಟಿನಿಂದ ಒತ್ತಿದ ಆಕಾರಕ್ಕೆ ಅದು ನಿಲ್ಲುತ್ತದೆ, ಒಣಗಿದ ಮೇಲೆ ಉಜ್ಜಿ ನಯ ಮಾಡಬಹುದು, ಬಣ್ಣ ಹಿಡಿಯುತ್ತದೆ, ನೀರು ತಾಗಿಸಿದರೆ ಮತ್ತೆ ಮೆದುವಾಗುತ್ತದೆ. ಮಾದರಿ ಹಡಗಿನ ಗಾಯಕ್ಕೆ ಇದಕ್ಕಿಂತ ಒಗ್ಗುವ ಮದ್ದನ್ನು ನಾನು ಕಾಣೆ. ಹುಣಸೆಬೀಜದ ಹಿಟ್ಟು ಹುಳಕ್ಕೂ ರುಚಿ ಎಂಬ ಎಚ್ಚರವೊಂದಿದ್ದರೆ ಸಾಕು. ಬಣ್ಣದ ಕೆಲಸಕ್ಕೆ ಹುಬ್ಬಳ್ಳಿಯಿಂದ ಕಾರವಾರಕ್ಕೆ ಹೋಗುವ ದಾರಿಯಲ್ಲೇ ಕಲಘಟಗಿ ಇದೆ. ಅಲ್ಲಿನ ತೊಟ್ಟಿಲುಗಳ ಮೇಲೆ ರಾಮಾಯಣ, ಮಹಾಭಾರತದ ಚಿತ್ರ ಬರೆಯುವ ಕೈಗಳಿಗೆ ಅರಗಿನ ಬಣ್ಣದ ಗುಣ ಚೆನ್ನಾಗಿ ಗೊತ್ತು.

ಹುರಿ ಮತ್ತು ಹಾಯಿ

ಮಾದರಿಯ ಅತಿ ಕಷ್ಟದ ಭಾಗ ಹಗ್ಗಗಳ ಜಾಲ. ಅದರಲ್ಲಿ ಎರಡು ಬಗೆ. ಕೂವೆಮರವನ್ನು ನೆಟ್ಟಗೆ ಹಿಡಿದಿಡುವ ಕಾಯಂ ಹಗ್ಗಗಳು ಮೊದಲನೆಯವು. ನಿಜ ಹಡಗಿನಲ್ಲಿ ಅವಕ್ಕೆ ಡಾಂಬರು ಬಳಿಯುತ್ತಿದ್ದರಿಂದ ಮಾದರಿಯಲ್ಲೂ ಕಪ್ಪಾಗಿರುತ್ತವೆ. ಹಾಯಿಯನ್ನು ಏರಿಸಿ ಇಳಿಸುವ, ತಿರುಗಿಸುವ ಹಗ್ಗಗಳು ಎರಡನೆಯವು. ಇವುಗಳ ಬಣ್ಣ ತಿಳಿ. ಕಾಯಂ ಹಗ್ಗಗಳನ್ನು ಮೊದಲು ಕಟ್ಟಿ, ಎಡ ಬಲದ ಬಿಗಿ ಸಮ ಮಾಡುತ್ತ ಹೋಗಬೇಕು. ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಕೂವೆಮರ ವಾಲುತ್ತದೆ.

ಹತ್ತಿ, ನಾರಿನ ಹುರಿ ತೇವ ಕುಡಿದರೆ ದಪ್ಪವಾಗಿ ಉದ್ದದಲ್ಲಿ ಕುಗ್ಗುತ್ತದೆ. ಏಪ್ರಿಲ್‌ನಲ್ಲಿ ತಂತಿಯಂತೆ ಬಿಗಿದು ಕಟ್ಟಿದ ದಾರ ಜುಲೈನಲ್ಲಿ ಕೂವೆಮರವನ್ನೇ ಮುರಿಯಬಲ್ಲದು. ಆದ್ದರಿಂದ ಬೇಸಿಗೆಯಲ್ಲಿ ಕಟ್ಟುವಾಗ ಕೊಂಚ ಸಡಿಲ ಬಿಡಬೇಕು. ದಾರಕ್ಕೆ ಜೇನುಮೇಣ ಸವರಿದರೆ ನವಿರು ಎಳೆಗಳು ಮೈಗೆ ಅಂಟಿ ಕೂರುತ್ತವೆ. ಹಳೆಯ ದಾರದಲ್ಲಿ ಜೀವವಿರುವಷ್ಟನ್ನು ಉಳಿಸಿ, ಕೊಳೆತದ್ದನ್ನು ಮಾತ್ರ ಬದಲಿಸಬೇಕು. ತೆಗೆದ ದಾರದ ಒಂದು ಗೇಣನ್ನು ಚೀಟಿ ಬರೆದು ಎತ್ತಿಡಬೇಕು.

ಹಾಯಿಯ ಬಟ್ಟೆಗೆ ನಾವು ದೂರ ಹೋಗಬೇಕಿಲ್ಲ. ರಾಷ್ಟ್ರಧ್ವಜದ ಬಟ್ಟೆ ನೇಯುವ ಗರಗ ಧಾರವಾಡದ ಮಗ್ಗುಲಲ್ಲಿದೆ, ಧ್ವಜ ಸಿದ್ಧವಾಗುವ ಬೆಂಗೇರಿ ಹುಬ್ಬಳ್ಳಿಯಲ್ಲೇ ಇದೆ. ಕೈಯಿಂದ ನೂತ ನೂಲಿನ ಏರುಪೇರು ಹಳೆಯ ಹಾಯಿಯ ಬಟ್ಟೆಗೆ ಸಹಜವಾಗಿ ಹೊಂದುತ್ತದೆ. ಹರಿದ ಹಾಯಿಯನ್ನು ಕಿತ್ತು ಹೊಸದು ಹಾಕುವುದಕ್ಕಿಂತ ಹಿಂದಿನಿಂದ ತೆಳು ಬಟ್ಟೆಯ ಆಸರೆ ಕೊಟ್ಟು ಹಿಡಿದಿಡುವುದು ಮೇಲು. ಹೊಸ ತೇಪೆಗೆ ಹಳೆಯ ಬಣ್ಣ ಬರಲಿ ಎಂದು ಚಹಾದಲ್ಲಿ ಅದ್ದುವವರಿದ್ದಾರೆ. ಚಹಾದ ಒಗರು ಬಟ್ಟೆಯಲ್ಲಿ ಉಳಿದು ಕಾಲಕ್ರಮೇಣ ಎಳೆಗಳನ್ನು ತಿನ್ನುತ್ತದೆ.

ಕೊನೆಗೆ ಗಾಜಿನ ಪೆಟ್ಟಿಗೆ. ಹಳೆಯ ಮಾದರಿಗಳಲ್ಲಿ ಲಂಗರು, ತೋಪುಗಳನ್ನು ಸೀಸದಲ್ಲಿ ಎರಕ ಹೊಯ್ದಿರುತ್ತಾರೆ. ಹೊಸ ಪ್ಲೈವುಡ್ಡಿನ ಮುಚ್ಚಿದ ಪೆಟ್ಟಿಗೆಯಲ್ಲಿ ಕಟ್ಟಿಗೆಯಿಂದ ಹೊರಡುವ ಆಮ್ಲದ ಆವಿ ಸೀಸವನ್ನು ಬಿಳಿಪುಡಿ ಮಾಡುತ್ತದೆ. ಆ ಪುಡಿ ವಿಷ, ಬರಿಗೈಯಿಂದ ಮುಟ್ಟಬಾರದು. ಪೆಟ್ಟಿಗೆಗೆ ಧೂಳು ಸೇರದಂತೆ ಸಣ್ಣ ಗಾಳಿಕಿಂಡಿ ಇರಲಿ. ಕಿಟಕಿಯ ಬಿಸಿಲು, ಅಡುಗೆಮನೆಯ ಜಿಡ್ಡು, ಹೊರಗೋಡೆಯ ತೇವ ಮೂರರಿಂದಲೂ ಅದು ದೂರ ಇರಲಿ.

ಎಷ್ಟು ಹೊಸತು, ಎಷ್ಟು ಹಳತು

ಟ್ರಿಂಕೋಮಲಿಯ ವಿಷಯಕ್ಕೆ ಮರಳೋಣ. ಆ ಹಡಗಿನ ನಕ್ಷೆಗಳನ್ನು ಮುಂಬೈಗೆ ತರುತ್ತಿದ್ದ 'ಜಾವಾ' ನೌಕೆ 1812ರಲ್ಲಿ ಅಮೆರಿಕದ ನೌಕೆಯೊಡನೆ ಕಾದಾಡಿ ನಾಶವಾಯಿತು. ಮತ್ತೊಂದು ಪ್ರತಿ ಕಳಿಸಬೇಕಾಯಿತು. ಸುಮಾರು ಎರಡು ಶತಮಾನದ ನಂತರ, 2001ರಲ್ಲಿ ಅದರ ಜೀರ್ಣೋದ್ಧಾರ ಮುಗಿದಾಗ ಮುಂಬೈಯಲ್ಲಿ ಕೂಡಿಸಿದ ಮರದ ಅರ್ಧಕ್ಕಿಂತ ಹೆಚ್ಚು ಭಾಗ ಹಾಗೇ ಉಳಿದಿತ್ತು. ಎಲ್ಲವನ್ನೂ ಕಿತ್ತು ಹೊಸ ಮರ ಹಾಕಿದ್ದರೆ ಕೆಲಸ ಬೇಗ ಮುಗಿಯುತ್ತಿತ್ತು. ಆದರೆ ವಾಡಿಯಾ ಕಟ್ಟಿದ ಹಡಗು ಎಂದು ಹೇಳುವ ಹಕ್ಕು ಕಳೆದುಹೋಗುತ್ತಿತ್ತು.

ಷೋಕೇಸಿನ ಒಂದು ಅಡಿಯ ಹಡಗಿಗೂ ಇದೇ ಧರ್ಮ. ಮಾಡಿದವನ ಉಳಿಯ ಗುರುತು, ಎಡಬಲಕ್ಕೆ ಕೊಂಚ ತಪ್ಪಿದ ಅಳತೆ, ಮಾಸಿದ ಬಣ್ಣ ಇವೆಲ್ಲ ದೋಷಗಳಲ್ಲ, ಅವನ ಸಹಿ. ಸ್ಯಾಂಡ್‌ಪೇಪರ್ ಹಿಡಿದ ಕೈ ಅದನ್ನು ಒಂದು ಮಧ್ಯಾಹ್ನದಲ್ಲಿ ಅಳಿಸಿಬಿಡುತ್ತದೆ. ಹೊಸದಾಗಿ ಸೇರಿಸಿದ್ದು ದೂರದಿಂದ ಕಣ್ಣಿಗೆ ಹೊಡೆಯದಿರಲಿ, ಹತ್ತಿರದಿಂದ ನೋಡಿದವನಿಗೆ ಬೇರೆ ಎಂದು ತಿಳಿಯಲಿ. ಯಾವ ತುಂಡು ಹೊಸದು, ಯಾವ ಅಂಟು ಬಳಸಿದೆ, ಯಾವ ವರ್ಷ, ಯಾರ ಕೈ ಎಂಬುದನ್ನು ಒಂದು ಕಾಗದದಲ್ಲಿ ಬರೆದು ಪೀಠದ ಕೆಳಗೆ ಇಟ್ಟರೆ ದುರಸ್ತಿ ಪೂರ್ಣ.

ಹುಬ್ಬಳ್ಳಿ-ಧಾರವಾಡಕ್ಕೆ ಇದು ಹಡಗಿಗಷ್ಟೇ ಸೀಮಿತವಾದ ಮಾತಲ್ಲ. ಇಲ್ಲಿನ ವಾಡೆಗಳ ಕೆತ್ತನೆಯ ಕಂಬ, ದೇವರ ಮಂಟಪ, ಅಜ್ಜಿಯ ತೊಟ್ಟಿಲು ಎಲ್ಲವೂ ಇದೇ ಸಂಕಟದಲ್ಲಿವೆ. ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನಾ ಸಂಸ್ಥೆಗೆ ತನ್ನದೇ ವಸ್ತುಸಂಗ್ರಹಾಲಯವಿದೆ, ಗದಗ ರಸ್ತೆಯಲ್ಲಿ 2020ರಲ್ಲಿ ತೆರೆದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಇಂಥ ಸಂಸ್ಥೆಗಳು ವರ್ಷಕ್ಕೊಮ್ಮೆ ಬಡಿಗರನ್ನು, ಕಿನ್ನಾಳದ ಚಿತ್ರಗಾರರನ್ನು, ಕಲಘಟಗಿಯ ಕಲಾವಿದರನ್ನು, ಸಂರಕ್ಷಣೆ ಓದಿದ ತರುಣರನ್ನು ಒಂದೆಡೆ ಕೂರಿಸಲಿ. ಜನ ತಮ್ಮ ಮನೆಯ ಮುರಿದ ಕಟ್ಟಿಗೆ ವಸ್ತುಗಳನ್ನು ಅಲ್ಲಿಗೆ ತರಲಿ. ತರುಣರಿಗೆ ಮರವಜ್ರ ಕಾಯಿಸುವ ಹದ ತಿಳಿಯಲಿ, ಬಡಿಗರಿಗೆ ದಾಖಲೆ ಬರೆಯುವ ಶಿಸ್ತು ತಿಳಿಯಲಿ. ಇಬ್ಬರೂ ಇಂದು ಬೇರೆ ಬೇರೆ ದಾರಿಯಲ್ಲಿ ನಡೆಯುತ್ತಿದ್ದಾರೆ. ಮರವಜ್ರದ ಹದ ಬಲ್ಲ ಹಿರಿಯರ ಸಂಖ್ಯೆ ಇಳಿಯುತ್ತಿದೆ. ಅವರ ಕೈ ಗಟ್ಟಿಯಿರುವಾಗಲೇ ಈ ಕೆಲಸ ಶುರುವಾಗಬೇಕು. ಅಟ್ಟದ ಮೇಲೆ ಮುರಿದ ಹಡಗೊಂದಿದ್ದರೆ ಈ ವಾರವೇ ಕೆಳಗಿಳಿಸಿ, ಬಿದ್ದ ತುಣುಕುಗಳನ್ನು ಪೊಟ್ಟಣ ಕಟ್ಟಿ, ಒಬ್ಬ ಒಳ್ಳೆಯ ಬಡಿಗರನ್ನು ಹುಡುಕಿ.